ಹಳೇ ಡೀಸೆಲ್ ಕಾರು ಸ್ಟಾರ್ಟ್ ಆಗ್ತಿಲ್ವಾ? ಪಂಪ್ ಬಿಚ್ಚಿಸೋ ಮುಂಚೆ ಇಷ್ಟು ನೋಡಿ

ಅಂಗಡಿಗೆ ಸಾಮಾನು ತರೋದಕ್ಕೆ, ಮನೆಯವರನ್ನು ಆಸ್ಪತ್ರೆಗೆ ಕರ್ಕೊಂಡು ಹೋಗೋದಕ್ಕೆ ನಮ್ಮ ಕಡೆ ಇವತ್ತಿಗೂ ಹಳೇ ಇಂಡಿಕಾ, ಡಿಸೈರ್, ಬೊಲೆರೊಗಳೇ ಆಧಾರ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ಮಾಡೋದನ್ನೇ ನಿಲ್ಲಿಸಿತು. ಹಾಗಾಗಿ ಇರೋ ಗಾಡಿಯನ್ನೇ ಇನ್ನಷ್ಟು ವರ್ಷ ಓಡಿಸೋಣ ಅನ್ನೋರು ಬಹಳ ಜನ ಇದ್ದಾರೆ.

ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ ಅಂದ ಕೂಡ್ಲೇ "ಪಂಪ್ ಹೋಗಿದೆ" ಅನ್ನೋ ಮಾತು ಬರುತ್ತೆ. ಪಂಪ್, ಇಂಜೆಕ್ಟರ್ ಕೆಲಸ ಅಂದ್ರೆ ಸಾವಿರಗಟ್ಟಲೆ ಖರ್ಚು. ಎಷ್ಟೋ ಸಲ ತೊಂದರೆ ಇರೋದು ಬ್ಯಾಟರಿಯಲ್ಲಿ, ಫಿಲ್ಟರ್‌ನಲ್ಲಿ, ಇಲ್ಲಾ ಒಂದು ಸಡಿಲ ಪೈಪಿನಲ್ಲಿ. ಕಡಿಮೆ ಖರ್ಚಿನದ್ದನ್ನು ಮೊದಲು ನೋಡಿ, ದೊಡ್ಡದಕ್ಕೆ ಕೊನೆಗೆ ಕೈ ಹಾಕಿ.

ಸ್ಟಾರ್ಟ್ ಆಗದಿದ್ರೆ ಈ ಕ್ರಮದಲ್ಲಿ ನೋಡಿ

ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇರಲ್ಲ. ಗಾಳಿಯನ್ನು ಜೋರಾಗಿ ಒತ್ತಿದಾಗ ಹುಟ್ಟುವ ಬಿಸಿಯಲ್ಲೇ ಡೀಸೆಲ್ ಹೊತ್ತಿಕೊಳ್ಳುತ್ತೆ. ಪೆಟ್ರೋಲ್ ಎಂಜಿನ್‌ಗಿಂತ ಇಲ್ಲಿ ಒತ್ತಡ ಸುಮಾರು ಎರಡು ಪಟ್ಟು. ಎಂಜಿನ್ ಜೋರಾಗಿ ತಿರುಗದಿದ್ರೆ ಆ ಬಿಸಿ ಬರೋದೇ ಇಲ್ಲ.

1. ಬ್ಯಾಟರಿ: ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ರೆ ಪೂರ್ತಿ ಚಾರ್ಜ್ ಇದೆ ಅಂತ ಅರ್ಥ. 12.2ಕ್ಕಿಂತ ಕೆಳಗೆ ಇಳಿದಿದ್ರೆ ಮೊದಲು ಚಾರ್ಜ್ ಮಾಡಿಸಿ. ಟರ್ಮಿನಲ್ ಮೇಲೆ ಬಿಳಿ ಪುಡಿ ಕಟ್ಟಿದ್ರೆ ಬಿಸಿನೀರಲ್ಲಿ ತೊಳೆದು, ಒರೆಸಿ, ಬಿಗಿ ಮಾಡಿ.

2. ಹೀಟರ್ ಪ್ಲಗ್: ಕೀ ತಿರುಗಿಸಿದಾಗ ಸುರುಳಿ ಗುರುತಿನ ದೀಪ ಹತ್ತುತ್ತೆ. ಅದು ಆರಿದ ಮೇಲೆ ಸೆಲ್ಫ್ ಹೊಡೀರಿ. ಇಂಡಿಕಾದಂಥ ಹಳೇ ಎಂಜಿನ್‌ಗಳಿಗೆ ಇದು ಬಹಳ ಮುಖ್ಯ. ಬೇಸಿಗೆಯಲ್ಲಿ ಚೆನ್ನಾಗಿದ್ದ ಗಾಡಿ ಡಿಸೆಂಬರ್ ಚಳಿಯಲ್ಲಿ ನಡುಗಿ, ಬಿಳಿ ಹೊಗೆ ಬಿಟ್ಟು, ಒಂದೆರಡು ನಿಮಿಷಕ್ಕೆ ಸರಿ ಹೋಗ್ತಿದ್ರೆ ಮೊದಲ ಅನುಮಾನ ಈ ಪ್ಲಗ್ ಮೇಲೇ ಇರಲಿ.

3. ಡೀಸೆಲ್ ಫಿಲ್ಟರ್: ಡೀಸೆಲ್ ಜೊತೆ ಬಂದ ನೀರು ಫಿಲ್ಟರ್ ತಳದಲ್ಲಿ ನಿಲ್ಲುತ್ತೆ. ಬಹಳಷ್ಟು ಗಾಡಿಗಳಲ್ಲಿ ಕೆಳಗೆ ಒಂದು ಡ್ರೈನ್ ಸ್ಕ್ರೂ ಇರುತ್ತೆ. ಎಂಜಿನ್ ಆಫ್ ಮಾಡಿ, ಗಾಜಿನ ಬಾಟಲಿಗೆ ಸ್ವಲ್ಪ ಬಿಟ್ಟು ನೋಡಿ. ನೀರಿದ್ರೆ ಕೆಳಗೆ ಬೇರೆಯಾಗಿ ನಿಲ್ಲುತ್ತೆ. ಗಾಡಿ ಏರಿನಲ್ಲಿ ಎಳೀತಿಲ್ಲ ಅಂದ್ರೂ ಮೊದಲು ನೋಡಬೇಕಾದ್ದು ಈ ಫಿಲ್ಟರ್ ಮತ್ತು ಏರ್ ಫಿಲ್ಟರ್.

4. ಏರ್ ಲಾಕ್: ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಮಾತ್ರ ಕಷ್ಟ ಕೊಟ್ಟು, ಆಮೇಲೆ ದಿನವಿಡೀ ಸರಿ ಇದ್ರೆ ಪೈಪಿನಲ್ಲಿ ಗಾಳಿ ಎಳೀತಿರಬಹುದು. ಬಿರುಕು ಬಿಟ್ಟ ರಬ್ಬರ್ ಪೈಪ್, ಸಡಿಲ ಕ್ಲಿಪ್ ಹುಡುಕಿ. ಕೈಪಂಪ್ ಇರೋ ಗಾಡಿಯಲ್ಲಿ ಅದು ಗಟ್ಟಿಯಾಗೋವರೆಗೂ ಒತ್ತಿ ಗಾಳಿ ತೆಗೀರಿ.

ಈ ನಾಲ್ಕೂ ಸರಿ ಇದ್ರೆ ಮಾತ್ರ ಪಂಪ್, ಇಂಜೆಕ್ಟರ್ ಮಾತು.

ಹೊಗೆ ಬಣ್ಣ ಏನು ಹೇಳುತ್ತೆ?

ಕಪ್ಪು: ಗಾಳಿ ಕಡಿಮೆ, ಡೀಸೆಲ್ ಜಾಸ್ತಿ. ಏರ್ ಫಿಲ್ಟರ್, ಟರ್ಬೊ ಪೈಪ್ ನೋಡಿ, ಆಮೇಲೆ ಇಂಜೆಕ್ಟರ್.

ನೀಲಿ: ಎಂಜಿನ್ ಆಯಿಲ್ ಸುಡ್ತಿದೆ. ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸವೆದಿರಬಹುದು.

ಬಿಳಿ: ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ರೇಡಿಯೇಟರ್ ನೀರೂ ಕಡಿಮೆ ಆಗ್ತಿದ್ರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಓಡಿಸೋದು ನಿಲ್ಲಿಸಿ.

ಬೋರ್‌ವೆಲ್ ನೀರು ಬೇಡ

ನಮ್ಮ ಕಡೆ ಬೋರ್ ನೀರು ಗಡಸು. ಪಾತ್ರೆಯಲ್ಲಿ ಬಿಳಿ ಪದರ ಕಟ್ಟೋ ಹಾಗೇ ರೇಡಿಯೇಟರ್ ಒಳಗೂ ಕಟ್ಟುತ್ತೆ. ಕೂಲಂಟ್ ಜೊತೆ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಬಳಸಿ. "ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ" ಅಂತ ತೆಗೆಸೋರಿದ್ದಾರೆ. ತೆಗೆಸಿದ್ರೆ ಎಂಜಿನ್ ಬೇಗ ಬಿಸಿ ಆಗಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತೆ. ಕೆಟ್ಟಿದ್ರೆ ಹೊಸದು ಹಾಕಿಸಿ.

ಮುಳ್ಳು ಕೆಂಪಿಗೆ ಹೋದ್ರೆ ಗಾಡಿ ಪಕ್ಕಕ್ಕೆ ಹಾಕಿ, ಆಫ್ ಮಾಡಿ. ಬಿಸಿಯಲ್ಲಿ ಕ್ಯಾಪ್ ತೆಗೀಬೇಡಿ, ಮೈ ಸುಡುತ್ತೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿದ್ರೆ ಹೆಡ್ ಬಿರುಕು ಬಿಡಬಹುದು.

ಆಯಿಲ್, ಬೆಲ್ಟ್, ಟರ್ಬೊ

ಡೀಸೆಲ್ ಗಾಡಿ ಆಯಿಲ್ ಹಾಕಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತೆ. ಅದು ಸಹಜ, ಬಣ್ಣ ನೋಡಿ ಬದಲಿಸೋದು ಬೇಡ. ಗಾಡಿ ಪುಸ್ತಕದಲ್ಲಿರೋ ಕಿಲೋಮೀಟರ್, ಇಲ್ಲಾ ವರ್ಷಕ್ಕೊಮ್ಮೆ, ಯಾವುದು ಮೊದಲು ಬರುತ್ತೋ ಆಗ ಬದಲಿಸಿ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ತಾನಾಗೇ ಏರಿದ್ರೆ ಡೀಸೆಲ್ ಅಥವಾ ನೀರು ಸೇರ್ತಿದೆ ಅಂತ ಅರ್ಥ. ಗಾಡಿ ತೆಗೀಬೇಡಿ, ತೋರಿಸಿ.

ಇಂಡಿಕಾ ಡೀಸೆಲ್‌ನಲ್ಲಿರೋದು ಟೈಮಿಂಗ್ ಬೆಲ್ಟ್. ಅದು ಕಿತ್ತರೆ ವಾಲ್ವ್‌ಗೆ ಪಿಸ್ಟನ್ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತೆ. ಸೆಕೆಂಡ್ ಹ್ಯಾಂಡ್ ತಗೊಂಡವರು ಯಾವಾಗ ಬದಲಿಸಿದ್ದು ಅಂತ ಗೊತ್ತಿಲ್ಲದಿದ್ರೆ ಮೊದಲು ಅದನ್ನೇ ಬದಲಿಸಿ. ಸ್ವಿಫ್ಟ್, ಡಿಸೈರ್‌ನ 1248 ಸಿಸಿ ಎಂಜಿನ್‌ಗೆ ಚೈನ್ ಇದೆ. ಟರ್ಬೊ ಗಾಡಿ ದೂರ ಓಡಿ ಬಂದ್ರೆ ಅರ್ಧ, ಒಂದು ನಿಮಿಷ ಹಾಗೇ ಓಡಲು ಬಿಟ್ಟು ಆಮೇಲೆ ಆಫ್ ಮಾಡಿ.

ಇದಕ್ಕೆ ಕೈ ಹಾಕಬೇಡಿ

ಕಾಮನ್ ರೈಲ್ ಗಾಡಿಗಳಲ್ಲಿ ಇಂಜೆಕ್ಟರ್ ಪೈಪಿನ ಒತ್ತಡ 1000 ಬಾರ್ ದಾಟುತ್ತೆ. ಎಂಜಿನ್ ಓಡುವಾಗ ಆ ನಟ್ ಸಡಿಲ ಮಾಡಿದ್ರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಬಂಕ್‌ನಲ್ಲಿ ತಪ್ಪಿ ಪೆಟ್ರೋಲ್ ಹಾಕಿದ್ರೆ ಕೀ ಸಹ ತಿರುಗಿಸಬೇಡಿ. ಗಾಡಿ ತಳ್ಳಿಸಿ, ಟ್ಯಾಂಕ್ ಖಾಲಿ ಮಾಡಿಸಿ.

15 ವರ್ಷ ಆದ್ರೆ?

ದೆಹಲಿ ಭಾಗದ 10 ವರ್ಷದ ಡೀಸೆಲ್ ನಿಯಮ ಕರ್ನಾಟಕಕ್ಕೆ ಇಲ್ಲ. ಇಲ್ಲಿ ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಹೊಗೆ ತಪಾಸಣೆ ಸರ್ಟಿಫಿಕೇಟ್ ಚಾಲ್ತಿಯಲ್ಲಿರಲಿ.

ಗ್ಯಾರೇಜ್‌ಗೆ ಹೋದಾಗ

"ಗಾಡಿ ಸರಿ ಇಲ್ಲ ಅಣ್ಣ, ನೋಡು" ಅಂತಷ್ಟೇ ಹೇಳಿ ಬರಬೇಡಿ. ತಣ್ಣಗಿದ್ದಾಗ ತೊಂದರೆಯೋ ಬಿಸಿಯಾದ ಮೇಲೋ, ಹೊಗೆ ಯಾವ ಬಣ್ಣ, ಕೊನೆಗೆ ಫಿಲ್ಟರ್ ಬದಲಿಸಿದ್ದು ಯಾವಾಗ, ಇಷ್ಟನ್ನು ಹೇಳಿ. ಇಂಜೆಕ್ಟರ್ ಬದಲಿಸಬೇಕು ಅಂದ್ರೆ ಮೊದಲು ಟೆಸ್ಟ್ ಮಾಡಿಸಿ, ನಾಲ್ಕರಲ್ಲಿ ಯಾವುದು ಕೆಟ್ಟಿದೆ ಅಂತ ಕೇಳಿ. ಬಿಚ್ಚಿದ ಹಳೇ ಪಾರ್ಟ್ ವಾಪಸ್ ಇಸ್ಕೊಳ್ಳಿ. ಒಳ್ಳೇ ಮೆಕ್ಯಾನಿಕ್ ಇದಕ್ಕೆಲ್ಲ ಬೇಜಾರು ಮಾಡ್ಕೊಳ್ಳಲ್ಲ, ಅವರ ಕೆಲಸವೂ ಅರ್ಧ ಕಡಿಮೆ ಆಗುತ್ತೆ.