ಸಿ.ಡಿ., ಮನೆಯಲ್ಲಿ ಮುದ್ರಿಸಿದ: ವಾದನದೋಷ ಮತ್ತು ಪರಿಹಾರ

ಗಣಕಯಂತ್ರದ ನೆರವಿನಿಂದ ಮನೆಯಲ್ಲಿಯೇ ಮುದ್ರಿಸಿಕೊಂಡ ಸಂಗೀತದ ಸಿ.ಡಿ.ಯು ಒಂದು ಪ್ಲೇಯರಿನಲ್ಲಿ ನಿರ್ವಿಘ್ನವಾಗಿ ನುಡಿದು ಮತ್ತೊಂದರಲ್ಲಿ ಮೌನ ತಾಳುವುದಕ್ಕೆ ಒಂದು ಪ್ರಬಲ ಕಾರಣವು ಬೆಳಕಿನ ಪ್ರತಿಫಲನದಲ್ಲಿರುವ ತಾರತಮ್ಯವಾಗಿದೆ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು 1980ರಲ್ಲಿ ರೂಪಿಸಿದ ‘ರೆಡ್ ಬುಕ್’ ನಿಯಮಾವಳಿಯಂತೆ ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿ.ಡಿ.ಯು ತನ್ನ ಮೇಲೆ ಬಿದ್ದ ಲೇಸರ್ ಕಿರಣದಲ್ಲಿ ಶೇಕಡ 70ಕ್ಕೆ ಕಡಿಮೆಯಿಲ್ಲದ ಭಾಗವನ್ನು ಹಿಂದಿರುಗಿಸುವುದು. ವರ್ಣದ್ರವ್ಯದ ಲೇಪದ ಮೇಲೆ ಬರೆಯಲ್ಪಡುವ ಸಿ.ಡಿ.-ಆರ್ ಇದಕ್ಕೆ ಸಮೀಪವರ್ತಿಯಾದರೂ, ಅಳಿಸಿ ಬರೆಯಬಹುದಾದ ಸಿ.ಡಿ.-ಆರ್‌ಡಬ್ಲ್ಯೂ ಹಿಂದಿರುಗಿಸುವುದು ಶೇಕಡ 15ರಿಂದ 25ರಷ್ಟನ್ನು ಮಾತ್ರವಾದುದರಿಂದ, ಅನೇಕ ಹಳೆಯ ಪ್ಲೇಯರುಗಳ ಪಾಲಿಗೆ ಅದು ಕತ್ತಲೆಯ ಬರಹವೇ ಸರಿ.

ಇನ್ನು ಅನವಧಾನದಿಂದೊದಗುವ ದೋಷಗಳೂ ಉಂಟು. ಎಂಪಿ3 ಕಡತಗಳನ್ನು ಸೆಕೆಂಡಿಗೆ 44,100 ಮಾದರಿಗಳ, 16 ಬಿಟ್ಟಿನ ಆಡಿಯೊ ರೂಪಕ್ಕೆ ಪರಿವರ್ತಿಸದೆ ದತ್ತಾಂಶವಾಗಿಯೇ ಬರೆದರೂ, ಬರೆದ ಬಳಿಕ ‘ಫೈನಲೈಸ್’ ಮಾಡದೆ ಬಿಟ್ಟು ಹಾಡುಗಳ ವಿಷಯಸೂಚಿಯನ್ನು ಅಪೂರ್ಣಗೊಳಿಸಿದರೂ, ಹಲವು ‘ಸೆಷನ್’ಗಳಲ್ಲಿ ಬರೆದರೂ (ಸಾಮಾನ್ಯ ಪ್ಲೇಯರು ಮೊದಲನೆಯದನ್ನಷ್ಟೇ ಗ್ರಹಿಸಬಲ್ಲುದು) ಫಲವೊಂದೇ. ಆದುದರಿಂದ ಉತ್ತಮ ಸಿ.ಡಿ.-ಆರ್ ಒಂದನ್ನು ಆರಿಸಿ, ‘ಡಿಸ್ಕ್ ಅಟ್ ಒನ್ಸ್’ ಕ್ರಮದಲ್ಲಿ ಮಧ್ಯಮ ವೇಗದಿಂದ ಬರೆಯತಕ್ಕದ್ದು. ಅತ್ಯಂತ ಮಂದಗತಿಯೇ ಶ್ರೇಷ್ಠವೆಂಬ ಜನಜನಿತವಾದ ನಂಬಿಕೆಯು ಶೀಘ್ರಗತಿಗೆಂದೇ ತಯಾರಾದ ಸಿ.ಡಿ.ಗಳ ವಿಷಯದಲ್ಲಿ ನಿಲ್ಲಲಾರದು. ಅಷ್ಟಾದರೂ ನುಡಿಯದಿದ್ದಲ್ಲಿ ಅಂಗಡಿಯಲ್ಲಿ ಕೊಂಡ ಸಿ.ಡಿ.ಯೊಂದನ್ನು ಹಾಕಿ ನೋಡುವುದು. ಅದೂ ತಡವರಿಸಿದರೆ ಶುಚಿಗೊಳಿಸಬೇಕಾದುದು ಪ್ಲೇಯರಿನ ಮಸೂರವನ್ನು.