ಮೂವರು ಬರೆದರು, ಮೂವರೂ ಫೇಲು

1913ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಒಂದು ಹೊಸ ಪರೀಕ್ಷೆ ಶುರು ಮಾಡಿತು. ಇಂಗ್ಲಿಷ್ ಮನೆಮಾತಲ್ಲದವರಿಗೆ ಇಂಗ್ಲಿಷ್ ಎಷ್ಟು ಬರುತ್ತೆ ಅಂತ ಅಳೆಯುವ ಪರೀಕ್ಷೆ. ಹೆಸರು 'ಸರ್ಟಿಫಿಕೇಟ್ ಆಫ್ ಪ್ರೊಫಿಷಿಯೆನ್ಸಿ ಇನ್ ಇಂಗ್ಲಿಷ್'. ಶುಲ್ಕ ಮೂರು ಪೌಂಡ್. ಒಟ್ಟು ಪರೀಕ್ಷೆ ಎಷ್ಟು ಹೊತ್ತು ಗೊತ್ತಾ? ಹನ್ನೆರಡು ಗಂಟೆ! ಇಂಗ್ಲಿಷಿನಿಂದ ಫ್ರೆಂಚ್ ಅಥವಾ ಜರ್ಮನ್‌ಗೆ ಅನುವಾದ, ಅಲ್ಲಿಂದ ವಾಪಸ್ ಇಂಗ್ಲಿಷಿಗೆ ಅನುವಾದ, ಅದರ ಜತೆಗೇ ವ್ಯಾಕರಣದ ಪ್ರಶ್ನೆಗಳು, ಪ್ರಬಂಧ, ಮೂರು ಗಂಟೆಯ ಸಾಹಿತ್ಯ ಪತ್ರಿಕೆ, ಉಚ್ಚಾರಣಾ ಶಾಸ್ತ್ರ, ಉಕ್ತಲೇಖನ, ಕೊನೆಗೆ ಓದು ಮತ್ತು ಮಾತು.

ಮೊದಲ ವರ್ಷ ಪರೀಕ್ಷೆಗೆ ಕೂತವರು ಮೂರು ಜನ. ಪಾಸಾದವರು ಸೊನ್ನೆ.

ನಗು ಬರುತ್ತೆ, ಅಲ್ವಾ? ಆದರೆ ಸ್ವಲ್ಪ ಯೋಚನೆ ಮಾಡಿ. ಆ ಮೂವರಿಗೆ ಇಂಗ್ಲಿಷ್ ಬರ್ತಾ ಇರಲಿಲ್ಲವಾ, ಅಥವಾ ಪರೀಕ್ಷೆ ಕೇಳಿದ ಇಂಗ್ಲಿಷ್ ಬರ್ತಾ ಇರಲಿಲ್ಲವಾ? ಇವೆರಡೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ಒಪ್ಪಿಕೊಳ್ಳೋದಕ್ಕೆ ಪ್ರಪಂಚಕ್ಕೆ ಹೆಚ್ಚೂಕಡಿಮೆ ನೂರು ವರ್ಷ ಬೇಕಾಯಿತು. ನಾವಂತೂ ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ.

ಕೇಂಬ್ರಿಡ್ಜ್‌ನವರಿಗಿಂತ ಎಷ್ಟೋ ಮೊದಲೇ ಈ ಪರೀಕ್ಷೆಯ ರುಚಿ ಕಂಡವರು ನಾವು. 1844ರಲ್ಲಿ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಹಾರ್ಡಿಂಜ್ ಒಂದು ನಿರ್ಣಯ ಹೊರಡಿಸಿದ. ಸರ್ಕಾರಿ ನೌಕರಿಯಲ್ಲಿ ಇಂಗ್ಲಿಷ್ ವಿದ್ಯೆ ಕಲಿತವರಿಗೆ ಆದ್ಯತೆ ಅಂತ. ಅವತ್ತಿನಿಂದ ಇಂಗ್ಲಿಷ್ ಅನ್ನೋದು ಬರೀ ಭಾಷೆಯಾಗಿ ಉಳಿಯಲಿಲ್ಲ, ಅನ್ನದ ದಾರಿಯಾಯಿತು. 1857ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದ್ರಾಸು ಮೂರೂ ಕಡೆ ವಿಶ್ವವಿದ್ಯಾಲಯ ಬಂತು. ಒಳಗೆ ಹೋಗಬೇಕಾದರೆ ಮೆಟ್ರಿಕ್ಯುಲೇಷನ್ ದಾಟಬೇಕು, ಅದನ್ನು ದಾಟಬೇಕಾದರೆ ಇಂಗ್ಲಿಷ್ ದಾಟಬೇಕು. ಧಾರವಾಡದ ಹುಡುಗ ಬೊಂಬಾಯಿಯ ಪ್ರಶ್ನೆಪತ್ರಿಕೆಗೆ ಉತ್ತರ ಬರೀತಿದ್ದ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬರುವವರೆಗೂ ಮೈಸೂರಿನ ಹುಡುಗನಿಗೆ ಮದ್ರಾಸೇ ಗತಿ. ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ 'ಮೆಟ್ರಿಕ್ ಫೇಲ್' ಅನ್ನೋದೂ ಒಂದು ಯೋಗ್ಯತೆಯ ಹಾಗೆ ಚಲಾವಣೆಯಲ್ಲಿತ್ತು. ಅಲ್ಲೀವರೆಗಾದರೂ ಓದಿದಾನಲ್ಲ ಅನ್ನೋ ಗೌರವ!

ಆ ಕಾಲದ ಇಂಗ್ಲಿಷ್ ಪಾಠದ ಜೀವಾಳ ಯಾವುದು? ವ್ಯಾಕರಣ. ವಾಕ್ಯ ಕೊಟ್ಟು ಅದರ ಕೈಕಾಲು ಬಿಡಿಸು ಅನ್ನೋದು. ಇದು ನಾಮಪದ, ಇದು ಕ್ರಿಯಾಪದ, ಇದರ ಲಿಂಗ ಯಾವುದು, ವಚನ ಯಾವುದು, ವಿಭಕ್ತಿ ಯಾವುದು. ಇದಕ್ಕೆ ಪಾರ್ಸಿಂಗ್ ಅಂತ ಹೆಸರು. ಇದರ ಬೇರು ಲಿಂಡ್ಲಿ ಮರ್ರೆಯಂಥವರ ಪುಸ್ತಕಗಳಲ್ಲಿದೆ. ಮರ್ರೆ ಅಮೆರಿಕದ ವಕೀಲ. ಇಂಗ್ಲೆಂಡಿನ ಯಾರ್ಕ್ ಊರಿಗೆ ಬಂದು ನೆಲೆಸಿ, ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದಕ್ಕೋಸ್ಕರ 1795ರಲ್ಲಿ ವ್ಯಾಕರಣ ಬರೆದ. ಆ ಪುಸ್ತಕ ದೇಶದೇಶ ಸುತ್ತಿತು. ಅವನ ಕಾಲದ ವ್ಯಾಕರಣಕಾರರು ಬಹುಮಟ್ಟಿಗೆ ಲ್ಯಾಟಿನ್ನಿನ ಅಚ್ಚಿಗೆ ಇಂಗ್ಲಿಷನ್ನು ಎರೆದವರು. ನಮಗೆ ಇದು ಹೊಸದಲ್ಲ ಬಿಡಿ. ಕೇಶಿರಾಜ 'ಶಬ್ದಮಣಿದರ್ಪಣ' ಬರೆಯುವಾಗ ಸಂಸ್ಕೃತ ವ್ಯಾಕರಣದ ಜಾಡನ್ನೇ ಎದುರಿಗಿಟ್ಟುಕೊಂಡಿದ್ದ. ದೊಡ್ಡ ಭಾಷೆಯ ಅಂಗಿಯನ್ನು ಇನ್ನೊಂದು ಭಾಷೆಗೆ ತೊಡಿಸಿ ನೋಡೋದು ಎಲ್ಲಾ ಕಡೆ ಇದ್ದದ್ದೇ. ನಮ್ಮಲ್ಲಿ ಆಮೇಲೆ ರೆನ್ ಅಂಡ್ ಮಾರ್ಟಿನ್ ಬಂತು. ಅದರ ಪಿ.ಸಿ. ರೆನ್ ಭಾರತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ್ದ ಮನುಷ್ಯ. ಆಚೆಗೆ ಅವನು 'ಬೋ ಗೆಸ್ಟ್' ಅನ್ನೋ ಸಾಹಸ ಕಾದಂಬರಿ ಬರೆದು ಹೆಸರಾದ. ಇಲ್ಲಿ ಮಾತ್ರ ಅವನು ಕಾದಂಬರಿಕಾರ ಅಂತ ಯಾರಿಗೂ ಗೊತ್ತಿಲ್ಲ, ಟೆನ್ಸು ಕಲಿಸಿದವನು ಅಂತಲೇ ಗೊತ್ತು.

ಈ ಜರಡಿ ಯಾರನ್ನೆಲ್ಲ ಆಚೆ ತಳ್ಳಿತು ನೋಡಿ. 1904ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ಒಬ್ಬ ಹುಡುಗ ವಿದ್ಯಾರ್ಥಿವೇತನ ಪಡೆದು ಸೇರಿದ. ಗಣಿತ ಬಿಟ್ಟರೆ ಬೇರೇನೂ ಬೇಡ ಅವನಿಗೆ. ಇಂಗ್ಲಿಷೂ ಸೇರಿದ ಹಾಗೆ ಉಳಿದ ವಿಷಯಗಳಲ್ಲಿ ಮುಗ್ಗರಿಸಿದ. ವಿದ್ಯಾರ್ಥಿವೇತನ ಹೋಯಿತು. ಕಾಲೇಜೂ ಹೋಯಿತು. ಆ ಹುಡುಗ ಶ್ರೀನಿವಾಸ ರಾಮಾನುಜನ್. ಅವನನ್ನು ಹಾರ್ಡಿ ಅಂಥವರು ಗುರುತಿಸಿದರು, ಸರಿ. ಗುರುತಿಸೋರು ಯಾರೂ ಸಿಗದೆ ಗುಮಾಸ್ತೆಯಾಗಿಯೇ ಉಳಿದುಹೋದವರ ಲೆಕ್ಕ ಇಟ್ಟವರು ಯಾರು?

ಹಾಗಾದರೆ ಪರೀಕ್ಷಕರಿಗೆ ವ್ಯಾಕರಣದ ಮೇಲೆ ಯಾಕೆ ಅಷ್ಟು ಪ್ರೀತಿ? ಕಾರಣ ಸರಳ. ಮಾರ್ಕ್ಸ್ ಹಾಕೋದು ಸುಲಭ. ಪ್ರಬಂಧಕ್ಕೆ ಒಬ್ಬರು ಹತ್ತಕ್ಕೆ ಎಂಟು ಕೊಟ್ಟರೆ ಇನ್ನೊಬ್ಬರು ನಾಲ್ಕು ಕೊಡಬಹುದು. ಎಡ್ಜ್‌ವರ್ತ್ ಅನ್ನೋ ವಿದ್ವಾಂಸ 1888ರಲ್ಲೇ ಪರೀಕ್ಷೆಯ ಅಂಕಗಳನ್ನು ಸಂಖ್ಯಾಶಾಸ್ತ್ರದ ತಕ್ಕಡಿಗೆ ಹಾಕಿ, ಪರೀಕ್ಷಕರು ಹಾಕೋ ಅಂಕದಲ್ಲಿ ಅದೃಷ್ಟದ ಪಾಲೂ ಇದೆ ಅಂತ ತೋರಿಸಿದ್ದ. ಬಿಟ್ಟ ಸ್ಥಳ ತುಂಬಿ ಅಂದರೆ ಆ ರಗಳೆಯೇ ಇಲ್ಲ. ಸರಿ ಅಂದರೆ ಸರಿ, ತಪ್ಪು ಅಂದರೆ ತಪ್ಪು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಬಹುಆಯ್ಕೆಯ ಪ್ರಶ್ನೆ ಬಂತು. 1930ರ ದಶಕದಲ್ಲಿ ಐಬಿಎಂ ಕಂಪನಿ ಉತ್ತರಪತ್ರಿಕೆ ತಿದ್ದುವ ಯಂತ್ರವನ್ನೇ ಮಾರುಕಟ್ಟೆಗೆ ಬಿಟ್ಟಿತು. ಯಂತ್ರಕ್ಕೆ ಪ್ರಬಂಧ ಓದೋಕೆ ಬರಲ್ಲ, ಪೆನ್ಸಿಲ್ ಗುರುತು ಓದೋಕೆ ಬರುತ್ತೆ. ಅಲ್ಲಿಗೆ ಯಂತ್ರ ಓದಬಲ್ಲ ಪ್ರಶ್ನೆಯೇ ಒಳ್ಳೆ ಪ್ರಶ್ನೆ ಅನ್ನಿಸಿಕೊಂಡಿತು.

ಇದಕ್ಕೆ ಶಾಸ್ತ್ರದ ಬಲ ಕೊಟ್ಟವನು ರಾಬರ್ಟ್ ಲ್ಯಾಡೊ. ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದದ್ದು ಸ್ಪೇನಿನಲ್ಲಿ, ದೊಡ್ಡವನಾದ ಮೇಲೆ ವಾಪಸ್ ಬಂದು ಇಂಗ್ಲಿಷ್ ಕಲಿತ. ಅಂದರೆ ಕಲಿಯೋರ ಕಷ್ಟ ಗೊತ್ತಿದ್ದವನು. 1961ರಲ್ಲಿ ಭಾಷಾ ಪರೀಕ್ಷೆಯ ಬಗ್ಗೆ ಪುಸ್ತಕ ಬರೆದ. ನಿನ್ನ ಮಾತೃಭಾಷೆ ಎಲ್ಲಿ ಇಂಗ್ಲಿಷಿನಿಂದ ಬೇರೆಯಾಗುತ್ತೋ ಅಲ್ಲೇ ನೀನು ಎಡವುತ್ತೀಯ, ಆದ್ದರಿಂದ ಪರೀಕ್ಷೆಯೂ ಅಲ್ಲೇ ಮುಟ್ಟಿ ನೋಡಬೇಕು ಅನ್ನೋದು ಅವನ ವಾದ. ನಮ್ಮನ್ನೇ ತಗೊಳ್ಳಿ. ಕನ್ನಡದಲ್ಲಿ 'ಎ', 'ಆನ್', 'ದಿ' ಇಲ್ಲ. ನಾವು 'ಮೈಸೂರಿಗೆ' ಅಂತೀವಿ, 'ಗೆ' ಹಿಂದೆ ಬರುತ್ತೆ. ಅವರದು 'ಟು ಮೈಸೂರ್', 'ಟು' ಮುಂದೆ ಬರುತ್ತೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಕೂತಿರುತ್ತೆ, ಅವರದು ನಡುವೆ. ನಮಗೆ 'ನನಗೆ' ಹಸಿವಾಗುತ್ತೆ, ಅವರಿಗೆ 'ನಾನು' ಹಸಿದವನು. ಲ್ಯಾಡೊ ಹೇಳಿದ್ದು ಸುಳ್ಳೇನಲ್ಲ.

ಅದೇ ವರ್ಷ ಅಮೆರಿಕದ ಇನ್ನೊಬ್ಬ ವಿದ್ವಾಂಸ ಜಾನ್ ಕ್ಯಾರಲ್ ಒಂದು ಎಚ್ಚರಿಕೆ ಕೊಟ್ಟ. ಭಾಷೆಯನ್ನು ತುಂಡುತುಂಡು ಮಾಡಿ ಅಳೆದರೆ ಸಾಲದು, ಇಡಿಯಾಗಿ ಬಳಸೋಕೆ ಬರುತ್ತಾ ಅಂತಲೂ ನೋಡಿ ಅಂದ. ಕೇಳಿಸಿಕೊಂಡವರು ಕಡಿಮೆ. 1964ರಲ್ಲಿ ಟೋಫೆಲ್ ಶುರುವಾದಾಗ ವ್ಯಾಕರಣದ ರಚನೆಗೇ ಒಂದು ಪ್ರತ್ಯೇಕ ಭಾಗ ಇತ್ತು. ಬರವಣಿಗೆ ಬರುತ್ತಾ ಅಂತ ನೋಡೋದಕ್ಕೂ ಬಹುಆಯ್ಕೆಯ ಪ್ರಶ್ನೆಯೇ! ಒಂದು ಸಾಲನ್ನೂ ಬರೆಸದೆ ಬರವಣಿಗೆ ಅಳೆದರು. ಈಜು ಬರುತ್ತಾ ಅಂತ ದಡದಲ್ಲಿ ಕೂರಿಸಿ ಕೇಳಿದ ಹಾಗೆ.

ಈಗ ಒಂದು ಸಣ್ಣ ವಿಷಯ. ಇಂಗ್ಲಿಷಿನಲ್ಲಿ 'ಐ ಗೋ' ಅಂತೀವಿ, 'ಹೀ ಗೋಸ್' ಅಂತೀವಿ. ಅಲ್ಲಿ ಒಂದು 'ಎಸ್' ಬರಬೇಕು. ಈ ನಿಯಮ ಗೊತ್ತಿಲ್ಲದ ಹೈಸ್ಕೂಲ್ ಹುಡುಗ ಸಿಗೋದು ಕಷ್ಟ. ಆದರೆ ಮಾತಿನ ಭರದಲ್ಲಿ ಆ ಎಸ್ ಬಿಡದವರು ಎಷ್ಟು ಜನ? 1970ರ ದಶಕದಿಂದ ನಡೆದ ಸಂಶೋಧನೆಗಳೂ ಅದನ್ನೇ ಹೇಳಿದವು. ನಿಯಮ ಬೇಗ ಗೊತ್ತಾಗುತ್ತೆ, ನಾಲಗೆಗೆ ಬರೋದು ಬಹಳ ತಡವಾಗಿ. ಹಾಗಿದ್ದ ಮೇಲೆ ಬಿಟ್ಟ ಸ್ಥಳದಲ್ಲಿ 'ಗೋಸ್' ಅಂತ ತುಂಬಿದವನಿಗೆ ಸಿಕ್ಕಿದ ಒಂದು ಅಂಕ ಏನನ್ನು ಅಳೆಯಿತು?

ಇನ್ನೊಂದು ಕಡೆ ನೋಡಿ. ನಮ್ಮ ಮನೆಯ ಪುಟ್ಟ ಮಗು 'ನಾನು ಬರ್ತೀನಿ', 'ನೀನು ಬರ್ತೀಯ', 'ಅವನು ಬರ್ತಾನೆ', 'ಅವಳು ಬರ್ತಾಳೆ' ಅಂತ ತಡವರಿಸದೆ ಹೇಳುತ್ತೆ. ಇಂಗ್ಲಿಷಿನ ಒಂದು ಎಸ್ಸಿಗಿಂತ ಎಷ್ಟು ಪಟ್ಟು ಕಷ್ಟದ ವ್ಯಾಕರಣ ಇದು! ಆ ಮಗುವಿಗೆ ಯಾರು ಟ್ಯೂಷನ್ ಹೇಳಿದರು? ಯಾರೂ ಇಲ್ಲ. ಬೇಕಾಗಿತ್ತು, ಬಳಸಿತು, ಬಂತು.

ಈ ಯೋಚನೆಯನ್ನು ತರಗತಿಗೆ ತಂದು ಪರೀಕ್ಷಿಸಿದ ಊರು ಯಾವುದು ಗೊತ್ತಾ? ನಮ್ಮ ಬೆಂಗಳೂರು. ಭಾಷಾಶಿಕ್ಷಣ ಓದುವವರು ಪ್ರಪಂಚದ ಎಲ್ಲೇ ಇರಲಿ, 'ಬ್ಯಾಂಗಲೋರ್ ಪ್ರಾಜೆಕ್ಟ್' ಅನ್ನೋ ಹೆಸರು ಕೇಳಿರುತ್ತಾರೆ. ಬೆಂಗಳೂರಿನವರಿಗೇ ಅದು ಗೊತ್ತಿಲ್ಲ. ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಮತ್ತು ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಸೇರಿ 1979ರಲ್ಲಿ ಶುರು ಮಾಡಿದ ಪ್ರಯೋಗ ಅದು. ಬೆಂಗಳೂರು, ಮದ್ರಾಸು, ಕಡಲೂರಿನಂಥ ಊರುಗಳ ಸಾಧಾರಣ ಶಾಲೆಗಳು. ಐದು ವರ್ಷ ನಡೆಯಿತು. ವ್ಯಾಕರಣದ ಪಾಠವೇ ಇಲ್ಲ. ರೈಲಿನ ವೇಳಾಪಟ್ಟಿ ಕೊಡೋದು, ಈ ಊರಿಂದ ಆ ಊರಿಗೆ ಯಾವ ಗಾಡಿ ಬೇಗ ತಲುಪುತ್ತೆ ಹೇಳು ಅನ್ನೋದು. ನಕ್ಷೆ ಕೊಡೋದು, ದಾರಿ ಕೇಳೋದು. ಮಗುವಿನ ತಲೆ ಲೆಕ್ಕದಲ್ಲಿ ಇರುತ್ತೆ, ಭಾಷೆ ಹಿಂಬಾಗಿಲಿನಿಂದ ಒಳಗೆ ಬರುತ್ತೆ.

ಸರಿ, ಫಲ ಸಿಕ್ಕಿತಾ? 1984ರಲ್ಲಿ ಅಲನ್ ಬೆರೆಟಾ ಮತ್ತು ಅಲನ್ ಡೇವಿಸ್ ಇದರ ಮೌಲ್ಯಮಾಪನ ಮಾಡಿದರು. ಅವರಿಗೆ ಎದುರಾದದ್ದು ನಾವು ಇಲ್ಲೀವರೆಗೆ ಮಾತಾಡಿದ ಅದೇ ತೊಡಕು. ಹಳೆಯ ಕ್ರಮದಲ್ಲಿ ಓದಿದ ಮಕ್ಕಳಿಗೆ ವ್ಯಾಕರಣದ ಪ್ರಶ್ನೆ ಕೊಟ್ಟರೆ ಅವರಿಗೆ ಲಾಭ. ಹೊಸ ಕ್ರಮದ ಮಕ್ಕಳಿಗೆ ವೇಳಾಪಟ್ಟಿ ಕೊಟ್ಟರೆ ಇವರಿಗೆ ಲಾಭ. ಪ್ರಶ್ನೆಪತ್ರಿಕೆಯೇ ಗೆಲ್ಲೋರು ಯಾರು ಅಂತ ತೀರ್ಮಾನ ಮಾಡಿಬಿಡುತ್ತೆ! ಅದಕ್ಕೇ ಅವರು ಎರಡೂ ಬಗೆಯ ಪರೀಕ್ಷೆ ಇಟ್ಟು, ಜತೆಗೆ ಯಾರ ಕಡೆಗೂ ವಾಲದ ಪರೀಕ್ಷೆಗಳನ್ನೂ ಇಟ್ಟರು. ಉಕ್ತಲೇಖನ, ಕೇಳಿ ಓದಿ ಅರ್ಥ ಮಾಡಿಕೊಳ್ಳೋದು, ಸಂದರ್ಭದೊಳಗೆ ಹೆಣೆದ ವ್ಯಾಕರಣ. ಒಟ್ಟಾರೆ ನೋಡಿದರೆ ಫಲಿತಾಂಶ ಹೊಸ ಕ್ರಮದ ಕಡೆ ವಾಲಿತ್ತು. ಪಾಠವನ್ನೇ ಮಾಡದ ವ್ಯಾಕರಣ ಮಕ್ಕಳೊಳಗೆ ಕಟ್ಟಿಕೊಂಡಿತ್ತು. ಹಾಗಂತ ಅವರು ಡಂಗುರ ಸಾರಲಿಲ್ಲ, ಎಚ್ಚರಿಕೆಯಿಂದಲೇ ಬರೆದರು. ತರಗತಿಗಳು ಕೆಲವೇ, ಪಾಠ ಮಾಡಿದ ಮೇಷ್ಟ್ರುಗಳೂ ಸಾಮಾನ್ಯದವರಲ್ಲ ಅನ್ನೋ ಟೀಕೆ ಇತ್ತು, ಅದರಲ್ಲಿ ನಿಜವೂ ಇತ್ತು.

ಪ್ರಪಂಚ ಮುಂದೆ ಹೋಯಿತು. 1989ರಲ್ಲಿ ಬಂದ ಐಇಎಲ್‌ಟಿಎಸ್‌ಗೆ ಮೊದಲು ವ್ಯಾಕರಣದ ಪ್ರತ್ಯೇಕ ಪತ್ರಿಕೆ ಸಿದ್ಧ ಮಾಡಿದ್ದರು, ಕೊನೆಗೆ ಕೈಬಿಟ್ಟರು. 2005ರಲ್ಲಿ ಟೋಫೆಲ್ ಇಂಟರ್‌ನೆಟ್‌ಗೆ ಬಂದಾಗ ವ್ಯಾಕರಣದ ಭಾಗ ತೆಗೆದು ಮಾತಾಡೋ ಪರೀಕ್ಷೆ ಸೇರಿಸಿದರು. ವ್ಯಾಕರಣ ಬೇಡ ಅಂತಲ್ಲ. ನೀನು ಆಡೋ ಮಾತಿನಲ್ಲಿ, ಬರೆಯೋ ಬರವಣಿಗೆಯಲ್ಲಿ ಅದು ತಾನಾಗಿ ಕಾಣುತ್ತೆ, ಬೇರೆ ತೆಗೆದು ತೂಗೋದು ಯಾಕೆ ಅಂತ.

ನಾವು? 2011ರಲ್ಲಿ ಐಎಎಸ್ ಪೂರ್ವಭಾವಿ ಪರೀಕ್ಷೆಗೆ ಸಿಸ್ಯಾಟ್ ಬಂತು, ಅದರೊಳಗೆ ಇಂಗ್ಲಿಷ್ ಗ್ರಹಿಕೆಯ ಪ್ರಶ್ನೆಗಳೂ ಬಂದವು. ಹಳ್ಳಿಯಲ್ಲಿ ಓದಿದವರು, ತಾಯ್ನುಡಿಯಲ್ಲಿ ಓದಿದವರು ಮೊದಲ ಮೆಟ್ಟಿಲಲ್ಲೇ ಜಾರುತ್ತಿದ್ದೇವೆ ಅಂತ ಕೂಗು ಎದ್ದಿತು. 2014ರಲ್ಲಿ ದೆಹಲಿಯ ಬೀದಿಗಳಲ್ಲಿ ದೊಡ್ಡ ಹೋರಾಟ. ಕೊನೆಗೆ ಆ ಪ್ರಶ್ನೆಗಳ ಅಂಕವನ್ನು ಆಯ್ಕೆಗೆ ಲೆಕ್ಕ ಹಿಡಿಯೋದಿಲ್ಲ ಅಂತ ಸರ್ಕಾರ ಹೇಳಿತು. 1844ರಲ್ಲಿ ಹಾರ್ಡಿಂಜ್ ಇಟ್ಟ ಜರಡಿಯ ಮುಂದೆ 170 ವರ್ಷ ಆದ ಮೇಲೂ ನಮ್ಮ ಮಕ್ಕಳು ಸಾಲು ನಿಂತಿದ್ದರು. ಹಿಡಿದ ಕೈ ಮಾತ್ರ ಬದಲಾಗಿತ್ತು.

ಇಂಗ್ಲಿಷ್ ಬೇಡ, ವ್ಯಾಕರಣ ಬೇಡ ಅಂತ ನಾನು ಹೇಳ್ತಾ ಇಲ್ಲ. ಇಂಗ್ಲಿಷಿನಲ್ಲಿ ಬಂದ ಕೋರ್ಟ್ ನೋಟಿಸಿನಲ್ಲಿ 'ಮೇ' ಇದೆಯಾ 'ಶಲ್' ಇದೆಯಾ ಅನ್ನೋದರ ಮೇಲೆ ಒಬ್ಬನ ಜಮೀನು ನಿಂತಿರಬಹುದು. ಬ್ಯಾಂಕಿನ ಸಾಲಪತ್ರದಲ್ಲಿ ಒಂದು 'ಅನ್‌ಲೆಸ್' ಅರ್ಥವಾಗದೆ ಸಹಿ ಹಾಕಿದರೆ ಕೈ ಸುಡುತ್ತೆ. ವ್ಯಾಕರಣ ಬೇಕು ಸ್ವಾಮಿ, ಅನುಮಾನವೇ ಇಲ್ಲ. ಹಾಗಿದ್ದರೆ ಪರೀಕ್ಷೆಯಲ್ಲಿ ಅದನ್ನೇ ಕೇಳಿ. ನೋಟಿಸು ಕೊಟ್ಟು, ಇದರಲ್ಲಿ ನಿನಗೆ ಏನು ಹಕ್ಕಿದೆ ಹೇಳು ಅನ್ನಿ. ಅರ್ಜಿ ಬರೆಸಿ, ಓದಿದವನಿಗೆ ವಿಷಯ ಮುಟ್ಟಿತಾ ನೋಡಿ. ಗೈಡಿನಲ್ಲಿ ಬಾಯಿಪಾಠ ಮಾಡಿದ ಹತ್ತು ಬಿಟ್ಟ ಸ್ಥಳಕ್ಕೆ ಹತ್ತು ಅಂಕ ಕೊಟ್ಟು ಪಾಸು ಮಾಡಿಸಿ, ಆಮೇಲೆ ಕಂಪನಿಯ ಸಂದರ್ಶನದಲ್ಲಿ ಎರಡು ವಾಕ್ಯ ಹೇಳೋಕೆ ಬರಲಿಲ್ಲ ಅಂತ ಅದೇ ಹುಡುಗನನ್ನು ದಡ್ಡ ಅನ್ನೋದು ಯಾವ ನ್ಯಾಯ?

ಕೇಂಬ್ರಿಡ್ಜ್‌ನವರು ಮೂವರೂ ಫೇಲಾದ ಪರೀಕ್ಷೆಯನ್ನು ಹಾಗೇ ಬಿಡಲಿಲ್ಲ. ದಶಕ ದಶಕಕ್ಕೂ ತಿದ್ದಿದರು. ಉಚ್ಚಾರಣಾ ಶಾಸ್ತ್ರದ ಪತ್ರಿಕೆಯನ್ನು ತೆಗೆದರು, ಕೇಳುವ, ಮಾತಾಡುವ ಪರೀಕ್ಷೆಯನ್ನು ಬಲಪಡಿಸಿದರು. ಮಕ್ಕಳು ಫೇಲಾದಾಗ ನಾವು ಮಕ್ಕಳನ್ನು ಮಾತ್ರ ತಿದ್ದೋಕೆ ಹೋಗ್ತೀವಿ. ಒಂದು ಸಲ ಪ್ರಶ್ನೆಪತ್ರಿಕೆಯನ್ನೂ ತಿದ್ದಿ ನೋಡೋಣ.