ಏರಿ, ದಿಣ್ಣೆ, ಬೈಸಿಕಲ್ಲು

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಮೋಟಾರನ್ನೇರಿ ಧಾವಿಸುವವರಿಗೆ ಹೆಬ್ಬಗೋಡಿಯು ಕಾರ್ಖಾನೆಗಳ ಉದ್ದನೆಯ ಗೋಡೆ, ಬಾಡಿಗೆ ಮನೆಗಳ ಒತ್ತೊತ್ತಾದ ಮಹಡಿ, ತಲೆಯ ಮೇಲೆ 2025ರ ಆಗಸ್ಟಿನಿಂದ ಓಡಾಡುತ್ತಿರುವ ಹಳದಿ ಮಾರ್ಗದ ಮೆಟ್ರೋ, ಇವುಗಳ ಒಂದು ಸಮುಚ್ಚಯವಾಗಿ ತೋರುವುದೇ ಹೊರತು, ಆ ಗೋಡೆ ಮಹಡಿಗಳ ಅಡಿಯಲ್ಲಿರುವ ನೆಲಕ್ಕೂ ಒಂದು ಆಕಾರವುಂಟೆಂಬುದು ಗೋಚರಿಸುವುದಿಲ್ಲ. ಆ ಆಕಾರವನ್ನು ಚೆನ್ನಾಗಿ ಬಲ್ಲವರು ಎರಡು ವರ್ಗದವರು: ಹಿಂದಿನ ಕಾಲದಲ್ಲಿ ಕೆರೆಗಳನ್ನು ಕಟ್ಟಿದವರು, ಮತ್ತು ಬೈಸಿಕಲ್ಲು ತುಳಿಯುವವರು. ನೀರು ಎತ್ತ ಇಳಿಯುವುದೆಂಬುದನ್ನು ಮೊದಲಿನವರು ಕಣ್ಣಳತೆಯಿಂದ ಕಂಡುಕೊಂಡರೆ, ಎರಡನೆಯವರಿಗೆ ಅದೇ ಜ್ಞಾನವು ಮೀನಖಂಡದ ಮೂಲಕ ಪ್ರಾಪ್ತವಾಗುತ್ತದೆ.

ಆನೇಕಲ್ಲು ತಾಲ್ಲೂಕಿನ ಈ ಭಾಗವು ಎರಡು ನದಿಗಳ ಜಲಾನಯನಗಳ ನಡುವಣ ಎತ್ತರದ ನೆಲ. ಪೂರ್ವದ ಇಳುಕಲಿನ ನೀರು ಕೆರೆಯಿಂದ ಕೆರೆಗೆ ಕೋಡಿ ಬಿದ್ದು ದಕ್ಷಿಣ ಪಿನಾಕಿನಿಯ ಕಡೆಗೆ ಸಾಗುತ್ತದೆ. ಬನ್ನೇರುಘಟ್ಟದ ಕಾಡಿನ ನೀರು ಸುವರ್ಣಮುಖಿಯನ್ನು ಕೂಡಿ, ಅರ್ಕಾವತಿಯ ಮೂಲಕ ಕಾವೇರಿಗೆ ಸಲ್ಲುತ್ತದೆ. ಹೆಬ್ಬಗೋಡಿ, ಕಮ್ಮಸಂದ್ರ, ಹುಸ್ಕೂರು, ಮುತ್ತಾನಲ್ಲೂರು, ಬಿದರಗುಪ್ಪೆ, ಮರಸೂರು, ಹೀಗೆ ಊರಿಗೊಂದು ಕೆರೆ. ಎರಡು ಕೆರೆಗಳ ನಡುವೆ ಒಂದು ದಿಣ್ಣೆ. ದಿಣ್ಣೆಯ ಮೇಲೆ ರಾಗಿಯ ಹೊಲ, ತಗ್ಗಿನಲ್ಲಿ ತೆಂಗು ಗದ್ದೆ, ಏರಿಯ ಮೇಲೆ ದಾರಿ. ನಂದಿಯಂತಹ ಬೆಟ್ಟವನ್ನು ಹತ್ತುವವನು, ಅದರ ನೆತ್ತಿ 1,478 ಮೀಟರು ಎತ್ತರದಲ್ಲಿದ್ದರೂ, ಒಂದು ಲಯವನ್ನು ಹಿಡಿದು ಅದರಲ್ಲಿಯೇ ನೆಲೆಗೊಳ್ಳಬಹುದು. ಇಲ್ಲಿಯಾದರೋ ಲಯವು ಸಿದ್ಧಿಸುವಷ್ಟರಲ್ಲಿ ಇಳಿಜಾರು ಬರುತ್ತದೆ, ಇಳಿಜಾರನ್ನು ಅನುಭವಿಸುವಷ್ಟರಲ್ಲಿ ಮತ್ತೊಂದು ಏರು ಎದುರಾಗುತ್ತದೆ. ನಂದಿಯನ್ನು ಹತ್ತಿದವರು ಅದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಾರೆ. ಬಿದರಗುಪ್ಪೆಗೆ ಹೋಗಿ ಬಂದದ್ದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಇದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಈ ದಾರಿಗಳಲ್ಲಿ ಯಾವುದೂ ವಿನೋದಕ್ಕಾಗಿ ಹುಟ್ಟಿದ್ದಲ್ಲ. ಟೀಪುವಿನ ಮೇಲಣ ಯುದ್ಧಗಳಲ್ಲಿ, 1791ರಲ್ಲಿ ಇಂಗ್ಲಿಷರ ದಳಪತಿ ಕಾರ್ನ್‌ವಾಲಿಸನ ಪಡೆ ಹೊಸೂರನ್ನು ವಶಪಡಿಸಿಕೊಂಡಿತು. 1799ರಲ್ಲಿ ಹ್ಯಾರಿಸನ ಸೈನ್ಯವು ರಾಯಕೋಟೆ, ಕೆಲಮಂಗಲಗಳ ಮಾರ್ಗವಾಗಿ ಮೈಸೂರು ಸೀಮೆಯನ್ನು ಹೊಕ್ಕು, ಕಾನಕಾನಹಳ್ಳಿ, ಮಳವಳ್ಳಿಗಳನ್ನು ದಾಟಿ ಶ್ರೀರಂಗಪಟ್ಟಣವನ್ನು ಸೇರಿತು. ತೋಪು, ಮದ್ದು, ದವಸಗಳನ್ನು ಹೊತ್ತ ಅಸಂಖ್ಯಾತ ಎತ್ತುಗಳೊಡನೆ ಸಾಗಿದ ಆ ದಂಡಿಗೆ ಪ್ರತಿಯೊಂದು ಹಳ್ಳದಿಣ್ಣೆಯೂ ಒಂದು ಲೆಕ್ಕಾಚಾರವಾಗಿದ್ದಿರಬೇಕು. ಬಳಿಕ ಬ್ರಿಟಿಷ್ ಕಮಿಷನರ ಆಡಳಿತದಲ್ಲಿ, ಮುಖ್ಯವಾಗಿ ಮಾರ್ಕ್ ಕಬ್ಬನ್ನನ ಕಾಲದಲ್ಲಿ, ಸಂಸ್ಥಾನದ ಹೆದ್ದಾರಿಗಳು ರೂಪುಗೊಂಡುವು. ಹೆದ್ದಾರಿಗಳಿಂದ ಕವಲೊಡೆದ ಹಳ್ಳಿಯ ಹಾದಿಗಳನ್ನು ಮಾತ್ರ ಯಾವ ಕಮಿಷನರೂ ಮಾಡಿಸಲಿಲ್ಲ. ಸಂತೆಗೆ ಹೋಗುವ ಗಾಡಿ, ಆನೇಕಲ್ಲಿನ ಮಗ್ಗಗಳಿಗೆ ಸಲ್ಲುವ ನೂಲು, ಸರ್ಜಾಪುರದ ಬಟ್ಟೆಯ ಮೂಟೆ, ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ನೂರಡಿಗೂ ಮಿಕ್ಕ ಕುರ್ಜುಗಳೆಂಬ ತೇರುಗಳನ್ನು ಎಳೆದೊಯ್ಯುವ ಹಳ್ಳಿಗರು, ಇವರೆಲ್ಲ ಸೇರಿ ಅವನ್ನು ಸವೆಸಿ ಸಮೆಸಿದರು. ಆ ಕುರ್ಜುಗಳ ವಿಷಯದಲ್ಲಿ ಒಂದು ಮಾತು: ಅಷ್ಟು ಎತ್ತರದ ತೇರನ್ನು ಹೊಲಗದ್ದೆಗಳ ಮೇಲೆ ನಡೆಸುವವರು ನೆಲದ ವಾಟವನ್ನು ಕುರಿತು ಹೊಂದಿರುವ ಜ್ಞಾನವು ಸಾಮಾನ್ಯವಾದುದಲ್ಲ, ಆದರೂ ಆಕಾಶವು ಕೈಯಲ್ಲಿಲ್ಲವಾಗಿ, 2025ರ ಜಾತ್ರೆಯಲ್ಲಿ ಗಾಳಿಮಳೆಗೆ ಕುರ್ಜುಗಳು ಉರುಳಿ ಪ್ರಾಣಹಾನಿಯಾಯಿತು.

ಬೈಸಿಕಲ್ಲು ಇಂಗ್ಲೆಂಡಿನಲ್ಲಿ ಮೊದಲು ವಿರಾಮವುಳ್ಳವರ ಕ್ರೀಡೆಯಾಗಿತ್ತು. 1878ರಲ್ಲಿಯೇ ಅಲ್ಲಿ ಪ್ರವಾಸಿ ಸವಾರರ ಸಂಘವೊಂದು ಸ್ಥಾಪಿತವಾಗಿ, ಕಡಿದಾದ ಇಳಿಜಾರುಗಳ ನೆತ್ತಿಯಲ್ಲಿ ಎಚ್ಚರಿಕೆಯ ಹಲಗೆಗಳನ್ನು ನೆಡಿಸಿತು. 1885ರಲ್ಲಿ ಸ್ಟಾರ್ಲಿಯು ಎರಡು ಸಮಗಾಲಿಗಳ ರೋವರ್ ಯಂತ್ರವನ್ನು ಹೊರತಂದಮೇಲೆ, 1888ರಲ್ಲಿ ಡನ್‌ಲಪ್ಪನು ಬೈಸಿಕಲ್ಲಿಗೆ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದಮೇಲೆ, ದಾರಿಗಳನ್ನು ಸುಲಭ, ಮಧ್ಯಮ, ಕಠಿನವೆಂದು ವಿಂಗಡಿಸುವ ಕೈಪಿಡಿಗಳಿಗೂ ಅಲ್ಲಿ ಗಿರಾಕಿಗಳು ಹುಟ್ಟಿದರು. ನಮ್ಮಲ್ಲಿ ಹಾಗಾಗಲಿಲ್ಲ. 1923ರಲ್ಲಿ ಮುಂಬಯಿಯಿಂದ ಹೊರಟ ಪಾರಸೀ ತರುಣರಲ್ಲಿ ಮೂವರು 1928ರ ವೇಳೆಗೆ ಲೋಕವನ್ನು ಸುತ್ತಿ ಬಂದದ್ದು ನಿಜವಾದರೂ, ಅದು ಅಪವಾದ. ಮೈಸೂರು ಸೀಮೆಯ ಹಳ್ಳಿಗಳಿಗೆ ಬೈಸಿಕಲ್ಲನ್ನು ತಂದವರು ಅಂಚೆಯವರು, ಸ್ಕೂಲು ಮೇಷ್ಟರು, ಶೇಕ್‌ದಾರರು. ಅದು ಉದ್ಯೋಗದ ಲಾಂಛನವಾಗಿ ಬಂದಿತು, ಆಟವಾಗಿ ಬರಲಿಲ್ಲ. ಸ್ವಾತಂತ್ರ್ಯಾನಂತರ ಮದರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ, ಸೋನೀಪತ್ತಿನಲ್ಲಿ 1951ರಲ್ಲಿ, ಲೂಧಿಯಾನದಲ್ಲಿ 1956ರಲ್ಲಿ ಕ್ರಮವಾಗಿ ಟಿ.ಐ., ಅಟ್ಲಾಸ್, ಹೀರೋ ಕಾರ್ಖಾನೆಗಳು ತಲೆಯೆತ್ತಿದಮೇಲೆಯೇ ಅದು ಒಕ್ಕಲಿಗನ ಜಗಲಿಗೂ ನೇಕಾರನ ಪಡಸಾಲೆಗೂ ಏರಿದ್ದು.

ಆ ಕಾಲದ ಸವಾರರಲ್ಲಿಯೂ ತರತಮಗಳಿದ್ದುವು. ಆದರೆ ಅವನ್ನು ನಿರ್ಣಯಿಸುತ್ತಿದ್ದದ್ದು ದೂರವಲ್ಲ, ವೇಗವೂ ಅಲ್ಲ, ಹೊರೆ. ಅತ್ಯಂತ ಕೆಳಗಿನ ತರಗತಿಯೆಂದರೆ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸೈಕಲ್ಲು ಪಡೆದ ಹುಡುಗರದು. ಕಾಲು ಎಟುಕದ ಕಾರಣ ಬಾರಿನ ಕೆಳಗೆ ಒಂದು ಕಾಲನ್ನು ತೂರಿಸಿ, ಮೈಯನ್ನು ಒಂದು ಪಕ್ಕಕ್ಕೆ ಬಾಗಿಸಿ, ಒಳಪೆಡಲು ಹೊಡೆಯುತ್ತ ಕಲಿಯುತ್ತಿದ್ದ ಅವರ ಪಾಠಶಾಲೆ ಬೇಸಗೆಯಲ್ಲಿ ಒಣಗಿದ ಕೆರೆಯಂಗಳ. ಬಿದ್ದರೂ ಮೆತ್ತನೆಯ ಮಣ್ಣು, ಬೈಯುವವರು ದೂರ. ಬಾಡಿಗೆಯ ಅವಧಿ ಮೀರಿತೆಂಬ ಭೀತಿಯಿಂದ ಕೊನೆಯ ಹತ್ತು ನಿಮಿಷವನ್ನು ಅಂಗಡಿಯ ಎದುರಿನಲ್ಲಿಯೇ ಸುತ್ತುಹಾಕಿ ಕಳೆಯುತ್ತಿದ್ದ ಹುಡುಗರುಂಟು. ಅಲ್ಲಿಂದ ಮೇಲಣ ತರಗತಿ ಡಬಲ್ ರೈಡಿಂಗಿನದು: ಹಿಂದಿನ ಕ್ಯಾರಿಯರಿನಲ್ಲಿ ಹೆಂಡತಿ, ಮುಂದಿನ ಬಾರಿನ ಮೇಲೆ ಮಗು, ಹ್ಯಾಂಡಲಿಗೆ ತೂಗುಹಾಕಿದ ಚೀಲದಲ್ಲಿ ತವರಿಗೆ ಒಯ್ಯುವ ಅವರೆಕಾಯಿ. ಪಟ್ಟಣದ ಎಲ್ಲೆಯೊಳಗೆ ಪೋಲೀಸಿನವರು ಇದನ್ನು ಅಪರಾಧವೆಂದು ಪರಿಗಣಿಸುತ್ತಿದ್ದುದರಿಂದ, ಎಲ್ಲೆಯ ಬಳಿ ಹೆಂಡತಿ ಇಳಿದು ನಡೆಯುವುದೂ, ಪೋಲೀಸಿನವನು ಮರೆಯಾದೊಡನೆ ಮತ್ತೆ ಏರುವುದೂ ಸಂಸಾರದ ಒಂದು ಸಂಪ್ರದಾಯವಾಗಿತ್ತು. ರಾತ್ರಿ ದೀಪವಿಲ್ಲದಿದ್ದರೆ ದಂಡ. ಪುರಸಭೆಗೆ ತೆರಿಗೆ ಕಟ್ಟಿ ಪಡೆದ ಲೋಹದ ಬಿಲ್ಲೆಯನ್ನು ಸೈಕಲ್ಲಿಗೆ ಕಟ್ಟದಿದ್ದರೂ ದಂಡ. ಇಷ್ಟು ಕಾನೂನುಗಳನ್ನು ಹೊತ್ತು ಓಡಿದ ಬಡವನ ವಾಹನ ಮತ್ತೊಂದಿರಲಾರದು.

ಸರ್ವೋಚ್ಚ ತರಗತಿ ಹಾಲಿನವರದು. ಬೆಂಗಳೂರಿನ ಸುತ್ತಣ ಹಳ್ಳಿಗಳಿಂದ ನಸುಕಿಗೆ ಮುಂಚೆ ಹೊರಟು, ಕ್ಯಾರಿಯರಿನ ಎರಡು ಪಕ್ಕಕ್ಕೂ ತುಂಬಿದ ಕ್ಯಾನುಗಳನ್ನು ಕಟ್ಟಿಕೊಂಡು, ಗೇರುಗಳಿಲ್ಲದ ಕಬ್ಬಿಣದ ಸೈಕಲ್ಲಿನಲ್ಲಿ ಪೇಟೆಯ ಮನೆಗಳಿಗೆ ಹಾಲು ಮುಟ್ಟಿಸಿ, ಬಿಸಿಲೇರುವ ಮುನ್ನ ಮರಳಿ ಉಳುಮೆಗೆ ನಿಲ್ಲುತ್ತಿದ್ದ ಆ ಸವಾರರ ಸಾಮರ್ಥ್ಯವನ್ನು ಇಂದಿನ ಯಾವ ಅಳತೆಯಿಂದ ಅಳೆಯಬೇಕೋ ತಿಳಿಯದು. ಕ್ಯಾನಿನೊಳಗಣ ಹಾಲು ನಿಶ್ಚಲವಾದ ಭಾರವಲ್ಲ. ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಅದು ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಹೊರಕ್ಕೆ ಎಳೆಯುತ್ತದೆ. ಆದುದರಿಂದಲೇ ಅವರು ಇಳಿಯುವಾಗ ಅತ್ಯಂತ ಜಾಗರೂಕರಾಗಿಯೂ, ಏರುವಾಗ ಯಾವ ಸಂಕೋಚವೂ ಇಲ್ಲದವರಾಗಿಯೂ ಇರುತ್ತಿದ್ದರು: ದಿಣ್ಣೆ ಬಂದಿತೋ, ಇಳಿದು ತಳ್ಳುವುದು. ಇಳಿದು ತಳ್ಳುವುದನ್ನು ಸೋಲೆಂದು ಎಣಿಸುವ ಈಗಿನ ಸವಾರರು ಈ ವಿವೇಕವನ್ನು ಕಳೆದುಕೊಂಡಿದ್ದಾರೆ.

ಹಾಲಿನವರ ಈ ಪರಂಪರೆಯನ್ನು ಮುರಿದದ್ದು ರಸ್ತೆಯಲ್ಲ, ಮೋಟಾರೂ ಅಲ್ಲ, ಹಾಲಿನ ಸಹಕಾರ. 1965ರಲ್ಲಿ ಬೆಂಗಳೂರು ಡೈರಿ ಆರಂಭವಾಗಿ, ಮುಂದಿನ ದಶಕದಲ್ಲಿ ಹಳ್ಳಿಹಳ್ಳಿಗೂ ಹಾಲು ಉತ್ಪಾದಕರ ಸಂಘಗಳು ಹುಟ್ಟತೊಡಗಿದಮೇಲೆ, ಪೇಟೆಯವರೆಗೆ ಒಯ್ಯಬೇಕಾಗಿದ್ದ ಹಾಲನ್ನು ಊರ ಮುಂದಿನ ಡೈರಿಗೆ ಅಳೆದು ಕೊಟ್ಟರೆ ಸಾಕೆಂದಾಯಿತು. ಮೈಲಿಗಟ್ಟಲೆಯ ಸವಾರಿ ಒಂದು ಬೀದಿಯ ನಡಿಗೆಗೆ ಇಳಿಯಿತು. ಅದೇ ಸುಮಾರಿನಲ್ಲಿ ಬೈಸಿಕಲ್ಲಿಗೆ ಬೇರೊಂದು ಉದ್ಯೋಗವೂ ದೊರೆಯಿತು. 1976ರಲ್ಲಿ ಸ್ಥಾಪಿತವಾದ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆಯು, ಅದರ ಮುಖ್ಯಸ್ಥರಾದ ಆರ್.ಕೆ. ಬಾಳಿಗರ ಸಂಕಲ್ಪಾನುಸಾರವಾಗಿ, ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ಭೂಮಿಯಲ್ಲಿ 1978ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ಬೊಮ್ಮಸಂದ್ರ, ಜಿಗಣಿಗಳ ಕೈಗಾರಿಕಾ ಪ್ರದೇಶಗಳು ಅದನ್ನು ಹಿಂಬಾಲಿಸಿದುವು. ಕ್ಯಾರಿಯರಿಗೆ ಊಟದ ಡಬ್ಬಿ ಸಿಕ್ಕಿಸಿಕೊಂಡು ಪಾಳಿಗೆ ಹೊರಟವರ ಸಾಲು ಕೆರೆಯೇರಿಗಳ ಮೇಲೆ ಕಾಣಿಸಿಕೊಂಡಿತು. ಆದರೆ 1980ರಲ್ಲಿ ಇದೇ ರಸ್ತೆಯ ಆಚೆ ತುದಿಯ ಹೊಸೂರಿನ ಕಾರ್ಖಾನೆಯಿಂದ ಟಿ.ವಿ.ಎಸ್. 50 ಎಂಬ ಮೊಪೆಡ್ಡು ಹೊರಬಿದ್ದಿತು. ಇಬ್ಬರನ್ನು ಕಾನೂನು ಪ್ರಕಾರವೇ ಹೊರುವ, ದಿಣ್ಣೆಯಲ್ಲಿ ಇಳಿದು ತಳ್ಳಬೇಕಿಲ್ಲದ, ಬೇಕಾದರೆ ಪೆಡಲನ್ನೂ ತುಳಿಯಬಹುದಾದ ಆ ಯಂತ್ರವು ಬೈಸಿಕಲ್ಲಿನ ಉಳಿದ ತರಗತಿಗಳನ್ನೂ ರದ್ದುಮಾಡಿತು. ಉಳಿದದ್ದು ಶಾಲೆಯ ಮಕ್ಕಳ ಸವಾರಿ. 2006–07ರಿಂದ ಎಂಟನೆಯ ತರಗತಿಯವರಿಗೆ ಸರ್ಕಾರ ಹಂಚಿದ ಉಚಿತ ಸೈಕಲ್ಲುಗಳಿಂದಾಗಿ ಹೆಣ್ಣುಮಕ್ಕಳೂ ಈ ಹಾದಿಗಳಿಗೆ ಒಡತಿಯರಾದರು.

ಈಗ ಭಾನುವಾರದ ನಸುಕಿನಲ್ಲಿ ತಲೆಗೆ ಹೆಲ್ಮೆಟ್ಟು ಧರಿಸಿ ಹೊರಡುವವರು ಎಲೆಕ್ಟ್ರಾನಿಕ್ ಸಿಟಿಯ, ಸರ್ಜಾಪುರ ರಸ್ತೆಯ ನೌಕರರು. 2008ರಲ್ಲಿ ಬೆಂಗಳೂರಿನಿಂದ ನೀಲಗಿರಿಗೆ ಹೊರಟ ಸಾಮೂಹಿಕ ಯಾತ್ರೆ, ಫ್ರಾನ್ಸಿನ ಪದ್ಧತಿಯಂತೆ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ, 600ನ್ನು ನಲವತ್ತು ಗಂಟೆಯಲ್ಲಿ ಮುಗಿಸಬೇಕೆಂಬ ನಿಯಮದ ಬ್ರೆವೆ ಸವಾರಿಗಳು, ಇವು ದಾರಿಗಳ ವರ್ಗೀಕರಣವನ್ನು ನಮ್ಮಲ್ಲಿಯೂ ಪ್ರಚಾರಕ್ಕೆ ತಂದುವು. ಹೆಬ್ಬಗೋಡಿಯಿಂದ ಹೊರಡುವವರ ಮೊದಲ ಪರೀಕ್ಷೆ ಮಾತ್ರ ಯಾವ ವರ್ಗೀಕರಣಕ್ಕೂ ಸೇರಿದ್ದಲ್ಲ. ಹೊಸೂರು ರಸ್ತೆಯನ್ನು ಜೀವಸಹಿತ ದಾಟುವುದು. ದಾಟಿ ಹುಸ್ಕೂರಿನ ಕಡೆ ತಿರುಗಿದರೆ ಮುತ್ತಾನಲ್ಲೂರು, ಸರ್ಜಾಪುರ, ಬಿದರಗುಪ್ಪೆ, ಅತ್ತಿಬೆಲೆಗಳ ಸುತ್ತು ಹೊಸಬರಿಗೆ ಉಚಿತವಾದದ್ದು: ಏರುಗಳು ಸಣ್ಣವು, ನಿಲ್ಲಬೇಕೆನಿಸಿದಲ್ಲಿ ಟೀ ಅಂಗಡಿಗಳುಂಟು, ತಪ್ಪಿದರೆ ಯಾವುದಾದರೊಂದು ಕೆರೆಯ ಏರಿ ದಾರಿಗೆ ತಂದು ಸೇರಿಸುತ್ತದೆ.

ಸ್ವಲ್ಪ ಪಳಗಿದವರು ಚಂದಾಪುರ, ಮರಸೂರುಗಳ ಮೇಲೆ ಆನೇಕಲ್ಲಿಗೆ ಹೋಗಿ, ಅಲ್ಲಿಂದ ಗಡಿಯನ್ನು ದಾಟಿ ತಳಿಗೆ ಹೋಗುತ್ತಾರೆ. ತಂಪಾದ ಹವೆಯ ದೆಸೆಯಿಂದ ಕಿರು ಇಂಗ್ಲೆಂಡೆಂದು ಹೆಸರಾದ ಆ ಊರು ಹಿಂದೆ ಮದರಾಸು ಪ್ರಾಂತದ ಸೇಲಂ ಜಿಲ್ಲೆಗೆ ಸೇರಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿಯೂ ಹೊಸೂರಿನೊಡನೆ ಅತ್ತಕಡೆಯೇ ಉಳಿದು, ಈಗ 2004ರಲ್ಲಿ ರಚಿತವಾದ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ರಸ್ತೆಯ ಬದಿಯ ಫಲಕಗಳ ಲಿಪಿ ತಟಕ್ಕನೆ ಬದಲಾಗುತ್ತದೆ. ಫಲಕದ ಅಡಿಯಲ್ಲಿ ಕುಳಿತವರ ಮಾತು ಬದಲಾಗುವುದಿಲ್ಲ, ದಾರಿ ಕೇಳಿದರೆ ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಉತ್ತರ ದೊರೆಯುತ್ತದೆ. ಏರಿಳಿತಗಳು ಈ ಭಾಗದಲ್ಲಿ ದೀರ್ಘವಾಗಿಯೂ ಉದಾರವಾಗಿಯೂ ಇವೆ. ಒಂದು ಇಳಿಜಾರಿನ ವೇಗವನ್ನು ಕಾಪಾಡಿಕೊಂಡವನಿಗೆ ಮುಂದಿನ ದಿಣ್ಣೆಯ ಅರ್ಧ ಪುಕ್ಕಟೆಯಾಗಿ ಲಭಿಸುತ್ತದೆ. ಇಡೀ ಸೀಮೆಯಲ್ಲಿ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನರಿಯೆ.

ಕಠಿನವೆನಿಸತಕ್ಕ ದಾರಿ ಬನ್ನೇರುಘಟ್ಟದಿಂದ ರಾಗಿಹಳ್ಳಿಗೆ ಹೋಗುವುದು. 1974ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಆ ಕಾಡಿನೊಳಗೆ ಏರುಗಳು ಗಿಡ್ಡವಾದರೂ ಕಡಿದಾದವು. ಅವುಗಳಿಗಿಂತಲೂ ಗಮನಿಸತಕ್ಕದ್ದು ರಾಗಿಯ ಕೊಯ್ಲಿನ ಕಾಲದಲ್ಲಿ ಹೊಲಗಳಿಗೆ ಇಳಿಯುವ ಆನೆಗಳ ಹಿಂಡು. ಆ ತಿಂಗಳುಗಳಲ್ಲಿ ಹೊತ್ತು ಏರುವ ಮುಂಚೆ ಅಲ್ಲಿಗೆ ಹೊಗಬಾರದೆಂದು ಹಳ್ಳಿಯವರು ಹೇಳುವ ಮಾತನ್ನು ಎಷ್ಟೇ ನುರಿತ ಸವಾರನೂ ಕೇಳತಕ್ಕದ್ದು.

ಸದ್ಯಕ್ಕೆ ಈ ದಾರಿಗಳ ಭವಿಷ್ಯವು ಸುಮಾರು 280 ಕಿಲೋಮೀಟರು ಉದ್ದದ ಉಪನಗರ ವರ್ತುಲ ರಸ್ತೆಯನ್ನು ಅವಲಂಬಿಸಿದೆ. ಹೊಸಕೋಟೆಯಿಂದ ಸರ್ಜಾಪುರ, ಅತ್ತಿಬೆಲೆ, ಆನೇಕಲ್ಲುಗಳ ನೆರೆಯಲ್ಲಿ ಹಾದು ಕನಕಪುರದ ಕಡೆ ತಿರುಗುವ ಆ ಹೆದ್ದಾರಿಯು ಹಳೆಯ ಹಾದಿಗಳನ್ನು ಅಡ್ಡಲಾಗಿ ಕಡಿಯುತ್ತದೆ. ಕಡಿದಲ್ಲೆಲ್ಲ ಎತ್ತಿನ ಗಾಡಿಗೂ ಶಾಲೆಯ ಮಕ್ಕಳಿಗೂ ಸೈಕಲ್ಲಿಗೂ ಸಾಕಾಗುವಷ್ಟು ಅಗಲದ ಕೆಳದಾರಿಗಳನ್ನು ಬಿಟ್ಟರೆ ಬಿದರಗುಪ್ಪೆಯ ಸುತ್ತು ಹೊಸಬರ ಪಾಲಿಗೆ ಉಳಿಯುತ್ತದೆ. ಬಿಡದಿದ್ದರೆ, ಅದನ್ನೂ ಕಠಿನವಾದ ದಾರಿಗಳ ಪಟ್ಟಿಗೆ ಸೇರಿಸಬೇಕಾಗುತ್ತದೆ.